ಕಾಡುನೇರಳೆಯ ಮೇಲಿನ ದೂರು

ವಸತಿಗೃಹದ ಮ್ಯಾನೇಜರು ಆರು ಬೆಡ್‌ಶೀಟುಗಳನ್ನು ತಂದು ಇಸ್ತ್ರಿ ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿದ. ಬಾಯಿಗಿಂತ ಮೊದಲು ಅವನ ಬೆರಳು ಮಾತಾಡಿತು. ಇಲ್ಲೊಂದು, ಇಲ್ಲೊಂದು, ಈ ಮೂಲೆಯಲ್ಲಿ ಮೂರು.

"ನೋಡಿ ಯಜಮಾನರೇ, ಬಂದವರು ಏನಂದ್ಕೋಬೇಕು? ಹಿಂದೆ ಇದ್ದವರು ಹಾಸಿಗೆ ಮೇಲೆ ಕೂತು ಇಂಕು ಚೆಲ್ಕೊಂಡು ಕಾಗದ ಬರೆದಿದ್ದಾರೆ ಅಂತಾನಾ?"

ಯಜಮಾನರು ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ನೋಡಿದರು. ಸಾಸಿವೆ ಕಾಳಿನಿಂದ ಬಟಾಣಿಯವರೆಗೆ ಬೇರೆ ಬೇರೆ ಗಾತ್ರದ ನೀಲಿ ಕಲೆಗಳು. ಅವರು ನೆಟ್ಟಗೆ ನಿಂತು, ಹಿತ್ತಲಿನ ಬಾಗಿಲ ಕಡೆಗೆ ಕೈ ಚಾಚಿ ಹೇಳಿದರು:

"ಇದು ನಮ್ಮ ಕೈಯಲ್ಲಿ ಆಗಿದ್ದಲ್ಲ. ಆ ಮರದ್ದು."

"ಯಾರದ್ದಾದ್ರೂ ಆಗಲಿ. ಒಂದು ತಿಂಗಳು ನೋಡ್ತೀನಿ. ಆಮೇಲೆ ಬೇರೆ ಲಾಂಡ್ರಿ ಹುಡುಕ್ಕೋತೀನಿ, ಬೇಜಾರು ಮಾಡ್ಕೋಬೇಡಿ."

ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲಿನಲ್ಲಿ ಎರಡು ಸಿಮೆಂಟ್ ತೊಟ್ಟಿ, ಒಂದು ದೊಡ್ಡ ಯಂತ್ರ, ಐದು ಸಾಲು ತಂತಿ, ಮೂಲೆಯಲ್ಲಿ ಆ ಮರ. ಮಳೆಕಾಡಿನ ಮರ, ಕಾಡುನೇರಳೆ. ಯಜಮಾನರ ಸೊಸೆ ಹದಿಮೂರು ವರ್ಷದ ಹಿಂದೆ ತಾನು ಕೆಲಸ ಮಾಡುವ ನರ್ಸರಿಯಿಂದ ತಂದದ್ದು. ಕಾಡಿನ ಬೀಜದಿಂದ ಎದ್ದ ನೂರು ಸಸಿಗಳಲ್ಲಿ ತೊಂಬತ್ತೊಂಬತ್ತು ಮಾರಾಟವಾಗಿ, ಕತ್ತು ಸೊಟ್ಟಗಿದ್ದ ಇದೊಂದು ಉಳಿದಿತ್ತು. ಬಂದ ಗಿರಾಕಿಗಳೆಲ್ಲ ಎತ್ತಿ ನೋಡಿ, ಮತ್ತೆ ಕೆಳಗಿಟ್ಟು ಹೋಗುತ್ತಿದ್ದರು. ಅವಳು ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದಳು.

ಈಗ ಅದು ತಾರಸಿಯ ಎತ್ತರಕ್ಕಿದೆ. ಬೇರು ಗೋಡೆಗೆ ತೊಂದರೆ ಕೊಟ್ಟಿಲ್ಲ. ಚಿಗುರು ಬಂದಾಗ ಹಸುಗೂಸಿನ ಅಂಗೈಯಂತೆ ನಸುಗೆಂಪು, ಆಮೇಲೆ ಬಿಳಿ ಕುಚ್ಚಿನಂತಹ ಹೂವು, ಅದಕ್ಕೆ ಜೇನುನೊಣ. ಹಣ್ಣಾದರೆ ಗಿಳಿ, ಪಿಕಳಾರ, ಕತ್ತಲಾದ ಮೇಲೆ ಬಾವಲಿ. ಮೊದಲ ಬೀಜ ಬಂದ ಕಾಡಿನ ಅಂಚನ್ನು ರಸ್ತೆ ಅಗಲ ಮಾಡುವಾಗ ಸವರಿಬಿಟ್ಟರು. ಊರಿನಲ್ಲಿ ಹಿತ್ತಲಿಗೆಂದು ಈ ಸಸಿ ಕೇಳುವವರಿಗೆಲ್ಲ ನರ್ಸರಿಯವರು ಈಗ ಬೀಜ ತರುವುದು ಈ ಮರದಿಂದಲೇ. ಈ ಬೀಜವನ್ನು ಕೂಡಿಡಲು ಬರುವುದಿಲ್ಲ. ಹಣ್ಣಿನಿಂದ ತೆಗೆದ ವಾರದೊಳಗೆ ಮಣ್ಣಿಗೆ ಹಾಕದಿದ್ದರೆ ಒಣಗಿ ಸಾಯುತ್ತದೆ.

ಅಂದು ಊಟಕ್ಕೆ ಕೂತಾಗ ಮಾವ ಅನ್ನಕ್ಕೆ ಬೇಳೆ ಕಲಸಿಕೊಳ್ಳುತ್ತಾ ಹೇಳಿದರು:

"ಗರಗಸದವನಿಗೆ ಹೇಳಿದ್ದೀನಿ. ಅವನಿಗೆ ಪುರುಸೊತ್ತಿಲ್ಲವಂತೆ. ನಾಲ್ಕನೇ ಭಾನುವಾರ ಬರ್ತಾನೆ."

"ಯಾಕೆ ಮಾವ?" ಎಂದಳು ಸೊಸೆ.

"ನನ್ನ ಹಲ್ಲು ಕೀಳೋಕೆ. ಗರಗಸದವನು ಇನ್ಯಾಕೆ ಬರ್ತಾನೆ?"

ಸೊಸೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಮೊಮ್ಮಗಳು, ಸಣಕಲಿ ಎಂದು ಮನೆಯಲ್ಲಿ ಎಲ್ಲರೂ 'ಕಡ್ಡಿ' ಎಂದು ಕರೆಯುವ ಹದಿನೈದರ ಹುಡುಗಿ, ಅಮ್ಮನ ಮುಖ ನೋಡಿದಳು. ಅತ್ತೆ ನೀರಿನ ಲೋಟಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದರು.

"ಹಣ್ಣು ಈಗ ತಾನೇ ಬಣ್ಣ ತಿರುಗ್ತಿದೆ. ಈಗ ಕಡಿದ್ರೆ ಒಂದು ಬೀಜಾನೂ ಸಿಗಲ್ಲ," ಎಂದಳು ಸೊಸೆ.

"ಬೀಜ ತಿಂದು ಬದುಕ್ತೀವಾ? ಈ ಮನೆ ನಡೀತಿರೋದು ಶೀಟಿನಿಂದ. ವಸತಿಗೃಹದವನು ಕೈಬಿಟ್ಟರೆ ಅರ್ಧ ಯಂತ್ರ ಖಾಲಿ."

"ಕಲೆ ಮರದ್ದೇ ಅಂತ ಯಾರು ಹೇಳಿದ್ದು?"

ಮಾವ ನಕ್ಕರು. ನಗು ಬರುವಂತಹ ಪ್ರಶ್ನೆಯೇ. ನೇರಳೆಯ ಕಲೆ ಬೀಳುವಾಗ ಕಡುನೇರಳೆ, ಒಗೆಯುವ ಸೋಡಾದ ನೀರು ತಾಕಿದ ಕೂಡಲೇ ನೀಲಿ. ಬಟ್ಟೆ ಒಗೆಯುವ ಮನೆಯಲ್ಲಿ ಇದು ತೊದಲು ಮಾತಿನ ಮಗುವಿಗೂ ಗೊತ್ತು. ಹಿತ್ತಲಿನಲ್ಲಿ ನೇರಳೆ ಮರ, ಶೀಟಿನ ಮೇಲೆ ನೀಲಿ ಕಲೆ. ಇನ್ನೇನು ವಿಚಾರಣೆ ಬೇಕು?

"ಕಡಿಯೋಕೆ ನಾನು ಬಿಡಲ್ಲ ಮಾವ," ಎಂದಳು ಸೊಸೆ.

ಆ ಮನೆಯಲ್ಲಿ ಮಾವನಿಗೆ 'ಬಿಡಲ್ಲ' ಎಂದವರು ಇರಲಿಲ್ಲ.

"ಏನೋ ಇದು?" ಎಂದು ಮಾವ ಮಗನನ್ನು ಕೇಳಿದರು. ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಮೇಜಿಗೆ ಅಂಟಿಕೊಂಡಿರುವ ಮಗ, ಸುಕ್ಕು ಎಲ್ಲೇ ಇದ್ದರೂ ಒತ್ತಿ ಚಪ್ಪಟೆ ಮಾಡುವ ಸ್ವಭಾವದವನು, "ಇನ್ನೂ ನಾಲ್ಕು ವಾರ ಇದೆಯಲ್ಲಪ್ಪ" ಎಂದ.

"ಸರಿ," ಎಂದಳು ಸೊಸೆ. "ನಾಲ್ಕು ವಾರ ಶೀಟು ಒಣಗಿಸೋದು ನನ್ನ ಜವಾಬ್ದಾರಿ. ಹಕ್ಕಿ ಕಲೆ ಒಂದು ಬಿದ್ದರೂ ಗರಗಸದವನಿಗೆ ನಾನೇ ಏಣಿ ಹಿಡೀತೀನಿ."

"ಹಿಡಿಯುವಿಯಂತೆ, ತೋಳು ಗಟ್ಟಿ ಮಾಡ್ಕೋ," ಎಂದರು ಮಾವ. ಆಮೇಲೆ ತಲೆಯೆತ್ತಿ ದೀಪ ನೋಡಿದರು. "ಈ ಬಲ್ಬು ಯಾಕೆ ಹಿಂಗೆ ಹಳದಿ ಹಳದಿ ಉರಿಯುತ್ತೆ? ಬದಲಾಯಿಸೋಕೆ ಹೇಳಿ ಎಷ್ಟು ದಿನ ಆಯ್ತು?"

"ಹೋದ ವಾರ ತಾನೇ ಬದಲಾಯಿಸಿದ್ದು ತಾತ," ಎಂದಳು ಕಡ್ಡಿ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಸೊಸೆ ತಾರಸಿಯ ಮೇಲೆ ತಂತಿ ಎಳೆಯುತ್ತಿದ್ದಳು. ಮರದ ನೆರಳು ಬೀಳದ ಕಡೆ, ಮುಂದಿನ ಬೀದಿಯ ಮಗ್ಗುಲಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಒದ್ದೆ ಶೀಟು ತುಂಬಿದ ಬುಟ್ಟಿ ಎಂದರೆ ಕಲ್ಲು ತುಂಬಿದ ಬುಟ್ಟಿ. ಎರಡನೆಯ ಬುಟ್ಟಿಗೆ ಗಂಡ ಹಿಂದಿನಿಂದ ಕೈ ಕೊಟ್ಟ.

"ನಿಮಗೆ ಇಸ್ತ್ರಿಗೆ ತಡ ಆಗಲ್ವಾ?"

"ಆಗುತ್ತೆ. ನಿನ್ನ ಸೊಂಟ ಮುರಿದ್ರೆ ಇನ್ನೂ ತಡ ಆಗುತ್ತೆ."

ಒಂಬತ್ತಕ್ಕೆ ಅವಳು ನರ್ಸರಿಯಲ್ಲಿರಬೇಕು. ಹಾಗಾಗಿ ಬೆಳಗಿನ ತಿಂಡಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನಿಂತುಕೊಂಡು ಚಹಾ. ಮೂರನೆಯ ದಿನ ಕಡ್ಡಿ ತಟ್ಟೆ ತಳ್ಳಿದಳು.

"ಇನ್ನೊಂದು ವಾರ ಮೊಟ್ಟೆ ತಿಂದ್ರೆ ನಾನೇ ಕೊಕ್ಕೋ ಅಂತೀನಿ."

"ಅನ್ನು. ನಿನ್ನನ್ನೂ ಮರದ ಮೇಲೆ ಕೂರಿಸ್ತೀನಿ," ಎಂದಳು ಅವಳ ಅಮ್ಮ.

ಹಿತ್ತಲಿನಲ್ಲಿ ಮಾವನ ಕೆಲಸ ಎಂದಿನಂತೆ ಸಾಗಿತ್ತು. ಒಗೆಯಲು ಯಂತ್ರ ಬಂದು ಎಷ್ಟೋ ವರ್ಷವಾದರೂ ಕೊನೆಯ ನೀಲಿ ನೀರು ಮಾತ್ರ ಅವರದೇ. ನೀಲಿ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಎರಡನೆಯ ತೊಟ್ಟಿಯ ನೀರಿನಲ್ಲಿ ಆಡಿಸಬೇಕು. ನೀರನ್ನು ಬೊಗಸೆಯಲ್ಲಿ ಎತ್ತಿ, ಅಂಗೈಯ ಗೆರೆಗಳ ಮೇಲೆ ಬಣ್ಣ ಎಷ್ಟು ನಿಂತಿದೆ ನೋಡಬೇಕು. ಆಮೇಲೆ ಶೀಟು ಅದ್ದಬೇಕು. ಅವರ ಕೈಯ ಬಿಳುಪಿಗೆ ಒಂದು ಕಾಲದಲ್ಲಿ ಮೂರು ಬೀದಿಯಾಚೆಯಿಂದ ಗಿರಾಕಿಗಳು ಬರುತ್ತಿದ್ದರು. ಆ ತೊಟ್ಟಿಯ ಹತ್ತಿರ ಹೆಂಡತಿಯನ್ನೂ ಅವರು ಬಿಟ್ಟುಕೊಂಡವರಲ್ಲ.

"ಈಗಿನ ನೀಲಿಗೆ ಸತ್ವವೇ ಇಲ್ಲ. ಅಂಗಡಿಯವನು ಸುಣ್ಣ ಬೆರೆಸ್ತಾನೆ," ಎಂದು ಗೊಣಗುತ್ತಾ ಇನ್ನೊಂದು ಚಮಚ ಪುಡಿಯನ್ನು ಗಂಟಿಗೆ ಸುರಿದರು.

ವಾರದ ಕೊನೆಗೆ ತಾರಸಿಯಿಂದ ಇಳಿಸಿದ ನಲವತ್ತು ಶೀಟುಗಳಲ್ಲಿ ಏಳರ ಮೇಲೆ ಕಲೆ ಇತ್ತು.

"ಏಣಿ ಎಲ್ಲಿದೆ ಗೊತ್ತು ತಾನೇ?" ಎಂದರು ಮಾವ.

"ಮರ ಆ ಕಡೆ, ತಂತಿ ಈ ಕಡೆ. ಇದು ಹೇಗೆ ಮರದ್ದಾಗುತ್ತೆ?"

"ಹಕ್ಕಿಗೆ ರೆಕ್ಕೆ ಯಾಕೆ ಇರೋದು? ತಿನ್ನೋದು ಅಲ್ಲಿ, ಹಾಕೋದು ಇಲ್ಲಿ."

ರಜೆಯ ದಿನ ಕಡ್ಡಿ ತಾನಾಗಿಯೇ ಕೊಡೆ ಬಿಡಿಸಿಕೊಂಡು, ಪುಸ್ತಕ ಹಿಡಿದು ತಾರಸಿಯಲ್ಲಿ ಕೂತಳು. ಮಧ್ಯಾಹ್ನ ಇಳಿದು ಬಂದಾಗ ಮೂಗು ಕೆಂಪಾಗಿತ್ತು.

"ಅಮ್ಮ, ಒಂದು ಕಾಗೆ ಬಂತು. ಓಡಿಸಿದೆ. ಪಿಕಳಾರ ಎಲ್ಲ ಹಿತ್ತಲ ಕಡೆಯಿಂದಲೇ ವಾಪಸ್ ಹೋದವು. ಒಂದೂ ಶೀಟಿನ ಮೇಲೆ ಹಾರಲಿಲ್ಲ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ. ಪುಸ್ತಕ ಎರಡು ಪುಟಾನೂ ಮುಗೀಲಿಲ್ಲ."

ಅಂದು ಇಳಿಸಿದ ಶೀಟುಗಳಲ್ಲಿ ನಾಲ್ಕರ ಮೇಲೆ ಕಲೆ ಇತ್ತು. ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿ ನೋಡಿ ಸಾಕಾಗಿ ಮಡಚಿಟ್ಟಳು. ಎರಡನೆಯ ವಾರ ಹಳೆಯ ಸೊಳ್ಳೆಪರದೆಗಳನ್ನು ಬಿಚ್ಚಿ, ಹೊಲಿದು, ತಂತಿಗಳ ಮೇಲೆ ಚಪ್ಪರದಂತೆ ಕಟ್ಟಿದಳು. ಬೀದಿಯವರು ಮೇಲೆ ನೋಡಿ ಏನು ವಿಶೇಷ ಎಂದು ಕೇಳಿದರು. "ಶೀಟಿಗೆ ಮದುವೆ," ಎಂದಳು. ಪರದೆಯ ಮೇಲೆ ಒಂದು ಹನಿ ಬೀಳಲಿಲ್ಲ. ಪರದೆಯ ಕೆಳಗಿನ ಶೀಟಿನ ಮೇಲೆ ಕಲೆ!

ಮೂರನೆಯ ವಾರದ ಕೊನೆಗೆ ಗಂಡ ಆಲೂಗಡ್ಡೆ ಸುಲಿಯುತ್ತಿದ್ದವಳ ಹತ್ತಿರ ಬಂದು ಕೂತು, ತಾನೂ ಒಂದು ಚಾಕು ತೆಗೆದುಕೊಂಡ.

"ಬಿಟ್ಟುಬಿಡೇ. ಇನ್ನೊಂದು ಗಿಡ ನೆಡೋಣ. ಕುಂಡದಲ್ಲಿ."

"ಇದು ಕುಂಡದ ಗಿಡ ಅಲ್ಲ."

"ಅಪ್ಪ ರಾತ್ರಿ ನಿದ್ದೆ ಮಾಡ್ತಿಲ್ಲ. ವಸತಿಗೃಹ ಹೋದ್ರೆ ಅವರಿಗೆ ಕೆಲಸಾನೇ ಇರಲ್ಲ."

"ಮರ ಹೋದ್ರೂ ಕಲೆ ನಿಲ್ಲದಿದ್ರೆ? ಆಗ ಏನು ಕಡೀತಾರೆ? ನನ್ನನ್ನಾ?"

"ಏನು ಹಠಾನೇ ನಿನ್ನದು!"

"ಹಠವೇ. ಈ ಮನೆಗೆ ಬಂದು ಹದಿನಾರು ವರ್ಷ ಆಯ್ತು. ಗೋಡೆಗೆ ಬಣ್ಣ ಯಾವುದು ಅಂತ ಕೇಳಲಿಲ್ಲ, ತಂತಿ ಎಲ್ಲಿ ಅಂತ ಕೇಳಲಿಲ್ಲ, ಯಂತ್ರ ತರುವಾಗ ಕೇಳಲಿಲ್ಲ. ನಾನು ಕೇಳದೆ ತಂದಿದ್ದು ಅದೊಂದೇ. ಅದು ನಿಂತಿರಬೇಕು." ಅವಳು ಸಿಪ್ಪೆಯನ್ನು ಬುಟ್ಟಿಗೆ ಎಸೆದಳು. "ಮತ್ತೆ ಆಲೂಗಡ್ಡೆ ಅಷ್ಟು ದಪ್ಪ ಸುಲೀಬೇಡಿ. ಅರ್ಧ ಸಿಪ್ಪೆಗೇ ಹೋಗ್ತಿದೆ."

ಒಲೆಯ ಹತ್ತಿರ ನಿಂಬೆಹಣ್ಣು ಹಿಂಡುತ್ತಿದ್ದ ಅತ್ತೆ ಕೈ ಒರೆಸಲು ಬಿಳಿ ಟವೆಲ್ಲು ಎಳೆದುಕೊಂಡರು. ಅದೂ ಅದೇ ತೊಟ್ಟಿಯಲ್ಲಿ ಅದ್ದಿದ್ದು, ಅದರ ಮೇಲೂ ನೀಲಿ ಕಲೆ ಇತ್ತು. ಒರೆಸುತ್ತಿದ್ದ ಕೈ ನಿಂತಿತು. ಟವೆಲ್ಲನ್ನು ಕಿಟಕಿಗೆ ಹಿಡಿದರು. ನಿಂಬೆಯ ಇನ್ನೊಂದು ಹೋಳನ್ನು ಕಲೆಯ ಮೇಲೇ ಹಿಂಡಿದರು, ಕಾದರು.

"ಕಡ್ಡಿ, ಬಾ ಇಲ್ಲಿ. ಇದು ಯಾವ ಬಣ್ಣ?"

"ನೀಲಿ. ಯಾಕಜ್ಜಿ?"

"ಏನಿಲ್ಲ. ಹೋಗಿ ಓದ್ಕೋ."

ಟವೆಲ್ಲನ್ನು ಅವರು ಒಗೆಯಲು ಹಾಕಲಿಲ್ಲ. ಅಕ್ಕಿ ಡಬ್ಬಿಯ ಹಿಂದೆ ಮಡಚಿಟ್ಟರು. ಅಂದಿನಿಂದ ಅವರ ಮಾತು ಇನ್ನೂ ಕಡಿಮೆಯಾಯಿತು. ಗಂಡ ಊಟಕ್ಕೆ ಕೂತಾಗ ಅವರ ಕಣ್ಣನ್ನೇ ನೋಡುತ್ತಿದ್ದರು. ಉಪ್ಪಿನ ಡಬ್ಬಿ ಎದುರಿಗಿದ್ದರೂ ಮಾವ ಮೇಜು ತಡವುವುದು, ಅಂಗಿಯ ಗುಂಡಿ ಒಂದು ತೂತು ಹೆಚ್ಚುಕಡಿಮೆ ಹಾಕಿಕೊಳ್ಳುವುದು, ಇವೆಲ್ಲ ಮೊದಲೂ ಕಂಡಿದ್ದವೇ. ವಯಸ್ಸು ಎಂದು ಸುಮ್ಮನಿದ್ದರು.

ನಾಲ್ಕನೆಯ ಭಾನುವಾರ ಹೇಳಿದ ಹೊತ್ತಿಗೆ ಸರಿಯಾಗಿ ಗರಗಸದವನು ಬಂದ. ಭುಜದ ಮೇಲೆ ಹಗ್ಗ, ಕೈಯಲ್ಲಿ ಗರಗಸ. ಮರ ತುಂಬ ಹಣ್ಣಿತ್ತು. ಗಿಳಿಗಳು ಜಗಳವಾಡುತ್ತಿದ್ದವು. ಸೊಸೆ ಮರದ ಬುಡದಲ್ಲಿ ಮುಕ್ಕಾಲಿ ಹಾಕಿಕೊಂಡು, ಮಡಿಲಲ್ಲಿ ಒಂದು ಬುಟ್ಟಿ ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದಳು.

"ಏಳಮ್ಮ, ಮೇಲಿಂದ ಕೊಂಬೆ ಬೀಳುತ್ತೆ," ಎಂದ ಅವನು.

"ಬೀಳಲಿ."

"ಯಜಮಾನರೇ, ಇವರು ಏಳಲ್ಲ ಅಂತಾರೆ."

"ಏಣಿ ಹಿಡೀತೀನಿ ಅಂದಿದ್ದು ಯಾರು?" ಮಾವ ತೊಟ್ಟಿಯ ಹತ್ತಿರದಿಂದಲೇ ಕೂಗಿದರು.

"ಹಕ್ಕಿ ಕಲೆ ಬಿದ್ದರೆ ಅಂದಿದ್ದೆ. ಪರದೆ ಒಳಗೆ ಬರೋಕೆ ಹಕ್ಕಿ ಏನು ಸೂಜಿನಾ? ಇದು ಮರದ್ದಲ್ಲ. ಯಾರದ್ದು ಅಂತ ನನಗೆ ಗೊತ್ತಿಲ್ಲ. ಆದರೆ ಮರದ್ದಲ್ಲ. ಕಡಿಯೋದಾದ್ರೆ ನನ್ನ ತಲೆ ಮೇಲೇ ಬೀಳಿಸಿ."

"ಮಾತು ಕೊಟ್ಟು ತಪ್ತೀಯಾ?"

"ಮಾವ, ನೀವು—"

"ಸಾಕು," ಎಂದಿತು ಒಂದು ಧ್ವನಿ. ಎಲ್ಲರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಎರಡು ನಿಂಬೆಹಣ್ಣು, ಇನ್ನೊಂದರಲ್ಲಿ ಚಾಕು, ಹೆಗಲ ಮೇಲೆ ಆ ಟವೆಲ್ಲು.

ಅವರು ನೇರ ಮರದ ಬುಡಕ್ಕೆ ಬಂದು ಸೊಸೆಯ ಬುಟ್ಟಿಯಿಂದ ಒಂದು ಹಣ್ಣು ತೆಗೆದುಕೊಂಡರು. ಟವೆಲ್ಲಿನ ಒಂದು ತುದಿಯಲ್ಲಿ ಅದನ್ನು ಹಿಚುಕಿದರು. ಕಡುನೇರಳೆ. ಸೋಡಾ ನೀರಿನ ಬಕೆಟ್ಟಿನಲ್ಲಿ ಅದ್ದಿದರು. ನೀಲಿ.

"ನೋಡಿ, ಅದೇ ಕಲೆ! ಅದನ್ನೇ ನಾನು ಹೇಳ್ತಿರೋದು," ಎಂದರು ಮಾವ.

ಅತ್ತೆ ಅದರ ಮೇಲೆ ನಿಂಬೆ ಹಿಂಡಿದರು. ನೀಲಿ ಅರಳಿ ಕೆಂಪಾಯಿತು, ತುಟಿಗೆ ಹಚ್ಚುವ ಬಣ್ಣದಷ್ಟು ಕೆಂಪು.

"ಹಣ್ಣಿನ ಕಲೆ ಹುಳಿಗೆ ಕೆಂಪಾಗುತ್ತೆ," ಎಂದರು ಅತ್ತೆ. "ಅಡುಗೆಮನೇಲಿ ಇರೋರಿಗೆ ಗೊತ್ತಿರುತ್ತೆ. ತೊಟ್ಟಿ ಹತ್ರ ಇರೋರಿಗೆ ಗೊತ್ತಿಲ್ಲದೆ ಇರಬಹುದು. ಈಗ ಆ ಶೀಟು ಕೊಡಿ."

ಮಗ ಇಸ್ತ್ರಿ ಮೇಜಿನಿಂದ ವಸತಿಗೃಹದ ಶೀಟು ತಂದ. ಅತ್ತೆ ಕಲೆಯ ಮೇಲೆ ನಿಂಬೆ ಹಿಂಡಿದರು. ಎಲ್ಲರೂ ಬಗ್ಗಿ ನೋಡಿದರು. ಗರಗಸದವನೂ ಗರಗಸ ಗೋಡೆಗೆ ಒರಗಿಸಿ ಬಗ್ಗಿದ. ಕಲೆ ನೀಲಿಯಾಗಿಯೇ ಇತ್ತು.

"ನಿಂಬೆಹಣ್ಣು ಹಳೇದು," ಎಂದರು ಮಾವ.

ಅತ್ತೆ ಇನ್ನೊಂದು ಹಣ್ಣನ್ನೂ ಚಾಕುವನ್ನೂ ಅವರ ಕೈಗಿತ್ತರು. ಮಾವ ತಾವೇ ಕೊಯ್ದು, ತಾವೇ ಹಿಂಡಿದರು. ಇನ್ನೊಂದು ಕಲೆ. ಮತ್ತೊಂದು. ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿದರು.

"ಕೆಂಪಾಯ್ತೇನೋ?" ಎಂದು ಮಗನನ್ನು ಕೇಳಿದರು.

"ಇಲ್ಲಪ್ಪ."

"ಹಾಗಾದ್ರೆ ಇದು ಏನು?"

ಕಡ್ಡಿಗೆ ಬಾಯಿ ಕಟ್ಟಿಕೊಳ್ಳುವುದು ಗೊತ್ತಿರಲಿಲ್ಲ. ಅವಳು ಎರಡನೆಯ ತೊಟ್ಟಿಯ ಹತ್ತಿರ ಹೋಗಿ ನೀಲಿಯ ಗಂಟನ್ನು ಎತ್ತಿ ಹಿಡಿದಳು. ಬಟ್ಟೆಯ ತಳದಲ್ಲಿ ಬೆರಳು ತೂರುವಷ್ಟು ತೂತಿತ್ತು. ಕರಗದ ಪುಡಿ ಹೆಪ್ಪುಹೆಪ್ಪಾಗಿ ನೀರಿಗೆ ಬೀಳುತ್ತಿತ್ತು. ತೊಟ್ಟಿಯ ನೀರು ಶಾಲೆಯ ಇಂಕಿನಂತಿತ್ತು.

"ತಾತ, ಈ ನೀರು ಎಷ್ಟು ಗಾಢ ಇದೆ ಗೊತ್ತಾ?"

"ಗಾಢ ಎಲ್ಲಿ? ನೀರಿನ ಹಾಗೇ ಇದೆ. ಅಂಗಡಿಯವನು ಸುಣ್ಣ—"

"ಕಡುನೀಲಿ ಇದೆ ತಾತ."

ಮಾವ ತೊಟ್ಟಿಯ ಹತ್ತಿರ ಬಂದರು. ಬೊಗಸೆಯಲ್ಲಿ ನೀರು ಎತ್ತಿ ನೋಡಿದರು. ಚೆಲ್ಲಿದರು. ಮತ್ತೆ ಎತ್ತಿದರು. ಎಲ್ಲರ ಮುಖವನ್ನೂ ನೋಡಿದರು, ನೋಟ ಹೆಂಡತಿಯ ಮುಖದ ಮೇಲೆ ನಿಂತಿತು.

"ನಿನಗೆ ಯಾವಾಗ ಗೊತ್ತಾಯ್ತು?"

"ಹೋದ ವಾರ."

"ಅವತ್ತೇ ಯಾಕೆ ಹೇಳಲಿಲ್ಲ ಅತ್ತೆ?" ಸೊಸೆಗೆ ತಡೆಯಲಾಗಲಿಲ್ಲ. "ಎಂಟು ದಿನ ನಾನು ಮೆಟ್ಟಿಲು ಹತ್ತಿ ಸತ್ತೆನಲ್ಲ!"

"ನಲವತ್ತು ವರ್ಷ ಇವರ ನೀಲಿಯನ್ನ ಹೊಗಳಿದ ಬಾಯಿ ಕಣಮ್ಮ ಇದು. ಒಂದೇ ದಿನಕ್ಕೆ ತಿರುಗುತ್ತಾ?" ಅತ್ತೆ ಗಂಡನ ಕಡೆ ತಿರುಗಿದರು. "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ."

"ನನ್ನ ಕಣ್ಣಿಗೇನಾಗಿದೆ?"

"ಅದನ್ನೇ ಡಾಕ್ಟರು ಹೇಳಲಿ."

"ನಾನು ಬರಲ್ಲ."

"ಬರದಿದ್ರೆ ನಾಳೆಯಿಂದ ನೀಲಿ ನಾನು ಹಾಕ್ತೀನಿ."

ಆ ತೊಟ್ಟಿಗೆ ಇಂತಹ ಬೆದರಿಕೆ ಬಂದದ್ದು ಅದೇ ಮೊದಲು. ಮಾವ ಒಳಗೆ ಹೋದರು. ಗರಗಸದವನು ಹಗ್ಗವನ್ನು ಎತ್ತಿಕೊಳ್ಳಬೇಕೋ ಬಿಚ್ಚಬೇಕೋ ತಿಳಿಯದೆ ನಿಂತಿದ್ದ.

"ನಾನು ಬಂದಿದ್ದು ದಂಡವಾಯ್ತಲ್ಲ," ಎಂದ.

"ದಂಡ ಯಾಕೆ? ಹಣ್ಣು ಕೀಳೋಕೆ ಮೇಲೆ ಹತ್ತು," ಎಂದಳು ಸೊಸೆ. "ತುದೀದು ನನ್ನ ಕೈಗೆ ಸಿಗಲ್ಲ. ಅರ್ಧ ಹಕ್ಕಿಗೆ ಬಿಟ್ಟು ಉಳಿದಿದ್ದು ಕೀಳು. ಏಣಿ ನಾನು ಹಿಡೀತೀನಿ, ಮಾತು ತಪ್ಪಿದೆ ಅಂತ ಬೇಡ."

ಕಣ್ಣಿನ ಡಾಕ್ಟರು ಎರಡು ಕಣ್ಣಿಗೂ ಪೊರೆ ಬಂದಿದೆ, ಅದರ ಮೂಲಕ ನೋಡಿದರೆ ಲೋಕವೆಲ್ಲ ಹಳದಿ, ನೀಲಿಯಂತೂ ತೀರಾ ಮಾಸಿ ಕಾಣುತ್ತದೆ ಎಂದರು. ಮುಂದಿನ ತಿಂಗಳು ತೆಗೆಯುವುದೆಂದಾಯಿತು. ಮರುದಿನ ಬೆಳಿಗ್ಗೆ ಸೊಸೆ ಬುಟ್ಟಿ ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟಾಗ ಮಾವ ಅಡ್ಡ ನಿಂತರು.

"ಎಲ್ಲಿಗೆ?"

"ತಾರಸಿಗೆ."

"ಇಲ್ಲೇ ಹಾಕು. ಮರದ ಕೆಳಗೆ."

"ಹಕ್ಕಿ ಬರ್ತಾವೆ ಮಾವ. ಈಗ ನಿಜವಾಗಿಯೂ ಕಲೆ ಬೀಳುತ್ತೆ."

"ಬೀಳಲಿ, ನಾನೂ ನೋಡ್ತೀನಿ," ಎಂದು ಅವರೇ ಶೀಟು ಜಾಡಿಸಿ ಹಳೆಯ ತಂತಿಗೆ ಹಾಕಿದರು. ನೀಲಿಯ ಗಂಟಿಗೆ ಹೊಸ ಬಟ್ಟೆ ಕಟ್ಟಿತ್ತು. ನೀರಿನ ಬಣ್ಣ ಎಷ್ಟು ಎಂದು ಬೊಗಸೆ ನೋಡಿ ಹೇಳಿದ್ದು ಅತ್ತೆ. ಅದ್ದಿದ್ದು ಮಾತ್ರ ಮಾವನೇ. ಅಷ್ಟಕ್ಕೆ ಇಬ್ಬರ ನಡುವೆ ಬೆಳಗಿನಿಂದ ಎರಡು ಜಗಳ ಆಗಿತ್ತು.

ಮಾವ ಶೀಟುಗಳ ನಡುವೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಅರ್ಧ ನಿಂಬೆಹಣ್ಣು ಹಿಡಿದು ಕೂತರು. ಸೊಸೆ ನರ್ಸರಿಗೆ ಒಯ್ಯಲು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಮುನ್ನೂರಕ್ಕೆ ಕಡಿಮೆಯಿಲ್ಲ. ಗಂಡ ಇಸ್ತ್ರಿ ಬಿಸಿಗಿಟ್ಟಿದ್ದ. ಒಂದು ಪಿಕಳಾರ ಬಂತು, ಹಣ್ಣು ತಿಂದಿತು, ಬಾಲ ಎತ್ತಿತು.

"ಬಿತ್ತು!" ಎಂದು ಮಾವ ಎದ್ದರು. ಕಲೆಯ ಮೇಲೆ ನಿಂಬೆ ಹಿಂಡಿದರು. "ಕಡ್ಡೀ! ಬಾ ಬೇಗ! ಏನಾಯ್ತು ನೋಡು!"

ಕಡ್ಡಿ ಓಡಿ ಬಂದಳು. "ಕೆಂಪಾಯ್ತು ತಾತ!"

"ಕೆಂಪಾಯ್ತಾ? ಸರಿಯಾಗಿ ನೋಡು!"

"ಕೆಂಪೇ! ಫುಲ್ ಕೆಂಪು!"

"ಎಲ್ಲರೂ ಬನ್ನಿ!" ಬೀದಿಗೆ ಕೇಳುವಂತೆ ಕೂಗಿದರು ಮಾವ. ಶೀಟನ್ನು ಬಾವುಟದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. "ನೋಡಿ, ಚೆನ್ನಾಗಿ ನೋಡಿ! ಇದು ನಂದಲ್ಲ! ಇದೊಂದು ನಂದಲ್ಲ!"

ಅಡುಗೆಮನೆಯಲ್ಲಿ ಅತ್ತೆಯ ಕೈಯ ಪಾತ್ರೆ ಸದ್ದು ನಿಲ್ಲಿಸಿತು. ಗಂಡ ಇಸ್ತ್ರಿ ಎತ್ತಿ ಹಿಡಿದು ನಿಂತ. ಸೊಸೆ ಕುದಿಯುತ್ತಿದ್ದ ನೀರಿನ ಕೆಟಲು ತಂದಳು. ಶೀಟಿನ ಕಲೆಯ ಭಾಗವನ್ನು ಬಕೆಟ್ಟಿನ ಬಾಯಿಗೆ ಬಿಗಿಯಾಗಿ ಕಟ್ಟಿ, ಮುಕ್ಕಾಲಿ ಹತ್ತಿ ನಿಂತು, ತೋಳು ಚಾಚಿದಷ್ಟು ಎತ್ತರದಿಂದ ನೀರು ಸುರಿದಳು. ಸೋಡಾ ತಾಕುವ ಮೊದಲೇ ಹೀಗೆ ಮಾಡಿದರೆ ಹಣ್ಣಿನ ಕಲೆ ಕೂತುಕೊಳ್ಳುವುದಿಲ್ಲ. ಕೆಂಪು ತೆಳುವಾಯಿತು, ಗುಲಾಬಿಯಾಯಿತು, ಹೋಯಿತು.

"ಹೋಯ್ತಾ?" ಎಂದರು ಮಾವ.

"ಹೋಯ್ತು ಮಾವ."

ಅವರು ಶೀಟಿನ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಅದನ್ನು ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಮರದ ಕಡೆಗೆ ಮುಖವೆತ್ತಿದರು.

"ಇನ್ನೊಂದು ಹಾಕು, ನೋಡೋಣ," ಎಂದು ಹಕ್ಕಿಗೆ ಹೇಳಿ, ನಿಂಬೆಹಣ್ಣು ಹಿಡಿದು ಮತ್ತೆ ಕುರ್ಚಿಯಲ್ಲಿ ಕೂತರು.